ಹೈಬ್ರಿಡ್ ಬಿಟ್ಟು ಇವಿ ತಗೊಂಡ ಒಂದು ಮನೆ: ಅರ್ಧ ಗೊತ್ತಿದ್ದಿದ್ದೇ ಅಡ್ಡ ಬಂತು

ಇದನ್ನ ಬರೀತಿರೋದು ಅವರಿಬ್ಬರ ಒಪ್ಪಿಗೆ ತಗೊಂಡೇ, ಆದ್ರೆ ಹೆಸರು, ಊರು, ಗಾಡಿ ಮಾಡೆಲ್ ಯಾವ್ದೂ ಹಾಕಲ್ಲ ಅಂತ ಮಾತು ಕೊಟ್ಟಿದೀನಿ. ಗಂಡನ್ನ ಸಾರ್ ಅಂತೀನಿ, ಹೆಂಡತೀನ ಮೇಡಂ ಅಂತೀನಿ, ಎದುರಿಗೂ ನಾನು ಕರೆಯೋದು ಹಾಗೇನೇ. ಗುರುತು ಸಿಗದ ಹಾಗೆ ಒಂದೆರಡು ವಿವರ ಆಚೀಚೆ ಮಾಡಿದೀನಿ. ನನ್ನ ಕೆಲಸ ಹೈಬ್ರಿಡ್ ಗಾಡಿಗಳ, ಅಂದ್ರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟ್ ಮೋಟಾರೂ ಇರೋ ಗಾಡಿಗಳ ರಿಪೇರಿ, ಈಗೀಗ ಇವಿಗಳನ್ನೂ, ಅಂದ್ರೆ ಬರೀ ಬ್ಯಾಟರಿ ಮೇಲೆ ಓಡೋ ಎಲೆಕ್ಟ್ರಿಕ್ ಗಾಡಿಗಳನ್ನೂ ನೋಡ್ತೀನಿ, ಸಾರ್ ಅವರ ಹಳೇ ಗಾಡಿ ಮೊದಲಿಂದ್ಲೂ ನನ್ನ ಹತ್ರಾನೇ ಬರ್ತಿತ್ತು, ಹಾಗಾಗಿ ಇದ್ರಲ್ಲಿ ನಾನು ಹೊರಗಿನವನೂ ಅಲ್ಲ, ಪೂರ್ತಿ ಒಳಗಿನವನೂ ಅಲ್ಲ.

ಹಿನ್ನೆಲೆ

ಒಂಬತ್ತು ವರ್ಷದ ಹೈಬ್ರಿಡ್. ಚಾರ್ಜಿಗೆ ಹಾಕೋ ಥರದ್ದಲ್ಲ, ಪೆಟ್ರೋಲ್ ಹಾಕ್ಸಿ ಓಡಿಸೋ ಮಾಮೂಲಿ ಹೈಬ್ರಿಡ್. ಊರೊಳಗೆ ಲೀಟರಿಗೆ 20 ಕಿ.ಮೀ. ಆಸುಪಾಸು ಕೊಡ್ತಿತ್ತು, ಟ್ಯಾಂಕ್ ತುಂಬ್ಸಿದ್ರೆ ವಾರಗಟ್ಟಲೆ ಬಂಕ್ ಕಡೆ ತಲೆ ಹಾಕೋ ಹಾಗಿರ್ಲಿಲ್ಲ. ಸಾರ್ ಆಫೀಸಿಗೆ ಹೋಗಿ ಬರೋದು, ಮೇಡಂ ಶಿಫ್ಟ್ ಕೆಲಸ, ಮಗಳ ಕಾಲೇಜು, ಎಲ್ಲಾ ಸೇರಿ ದಿನಕ್ಕೆ 60 ಕಿ.ಮೀ. ದಾಟೋದು ಅಪರೂಪ. ಜೊತೆಗೆ ಎರಡು ತಿಂಗಳಿಗೊಮ್ಮೆ ಮೇಡಂ ಅವರ ತಾಯಿ ಮನೆಗೆ, ಅದು ಒಂದು ಕಡೆಗೆ 380 ಕಿ.ಮೀ., ಹೋಗಿ ಎರಡು ರಾತ್ರಿ ಇದ್ದು ವಾಪಸ್ ಬರೋದು. ಹೈಬ್ರಿಡ್‌ನಲ್ಲಿ ಇದು ಒಂದೇ ಟ್ಯಾಂಕಲ್ಲಿ ಮುಗೀತಿತ್ತು, ಅದೂ ಹೆಚ್ಚೂ ಕಮ್ಮಿ ಪೂರ್ತಿ.

ಗಾಡಿಗೆ ಏನೂ ಆಗಿರ್ಲಿಲ್ಲ, ಅದನ್ನ ಮೊದ್ಲೇ ಹೇಳ್ಬೇಕು. ಹಿಂದಿನ ಸೀಟಿನ ಪಕ್ಕ ಒಂದು ಜಾಲರಿ ಇರುತ್ತಲ್ಲ, ಬ್ಯಾಟರಿ ತಣ್ಣಗಾಗೋಕೆ ಫ್ಯಾನ್ ಗಾಳಿ ಎಳ್ಕೊಳ್ಳೋ ಜಾಗ, ಅದ್ರ ಮೇಲೆ ಬ್ಯಾಗ್ ಇಟ್ಟು ಇಟ್ಟು ಫಿಲ್ಟರ್ ತುಂಬ ಧೂಳು ಕೂತಿತ್ತು, ಕ್ಲೀನ್ ಮಾಡಿದ್ಮೇಲೆ ಬ್ಯಾಟರಿ ಟೆಸ್ಟಲ್ಲಿ ಎಲ್ಲಾ ಬ್ಲಾಕೂ (ಸೆಲ್ಲುಗಳ ಗುಂಪುಗಳು) ಸಮ ಇದ್ವು. ಆದ್ರೂ ಸಾರ್ ತಲೇಲಿ ಇವತ್ತಲ್ಲ ನಾಳೆ ಬ್ಯಾಟರಿ ಕೈ ಕೊಡುತ್ತೆ ಅಂತ ಕೂತುಬಿಟ್ಟಿತ್ತು, ಮಗಳು ಬೇರೆ ಇನ್ನೂ ಎಷ್ಟು ವರ್ಷ ಪೆಟ್ರೋಲ್ ಸುಡ್ತೀಯಪ್ಪ ಅಂತ ಕೇಳ್ತಾನೇ ಇದ್ಲು. ಅವಳ ವಾದಕ್ಕೂ ಒಂದು ಲೆಕ್ಕ ಇದೆ, ದೊಡ್ಡ ಬ್ಯಾಟರಿ ತಯಾರಿಸೋದ್ರಲ್ಲೇ ಸಾಕಷ್ಟು ಕಾರ್ಬನ್ ಹೊರಗೆ ಹೋಗುತ್ತೆ, ಅದು ಓಡಿಸ್ತಾ ಓಡಿಸ್ತಾ ತೀರಬೇಕು, ಎಷ್ಟು ಬೇಗ ತೀರುತ್ತೆ ಅನ್ನೋದು ಕರೆಂಟು ಯಾವುದ್ರಿಂದ ಬರುತ್ತೆ ಅನ್ನೋದ್ರ ಮೇಲೆ ನಿಂತಿದೆ. ಈ ಮನೇಲಿ ಆ ಲೆಕ್ಕ ಯಾರೂ ಹಾಕ್ಲಿಲ್ಲ, ತೀರ್ಮಾನ ಆಗಿದ್ದೂ ಅದ್ರ ಮೇಲಲ್ಲ.

ಹೊಸ ಗಾಡಿ ವಿಷಯ ಮಾತಾಡೋಕೆ ಬಂದಾಗ ಸಾರ್ ಹೇಳಿದ್ದು ಹೀಗೆ: "ನಮಗೇನು ಹೊಸದಲ್ಲ ಬಿಡಿ, ಒಂಬತ್ತು ವರ್ಷದಿಂದ ಅರ್ಧ ಕರೆಂಟ್ ಗಾಡೀನೇ ಓಡಿಸ್ತಿರೋದು."

ನನ್ನ ಪ್ರಕಾರ ಇಡೀ ಪ್ರಕರಣ ಈ ಒಂದು ಮಾತಲ್ಲೇ ಇದೆ.

ಆ ಅರ್ಧ ಯಾವುದು

1997ರ ಡಿಸೆಂಬರಲ್ಲಿ ಜಪಾನಲ್ಲಿ ಟೊಯೋಟಾ ಪ್ರಿಯಸ್ ಬಂದಾಗಿಂದ ಹೈಬ್ರಿಡ್ ಓಡಿಸೋ ಎಲ್ಲರಿಗೂ ಈ ಭಾವನೆ ಇದೆ, ಸಿಗ್ನಲ್ಲಿಂದ ಸದ್ದಿಲ್ಲದೆ ಹೊರಡುತ್ತೆ, ಡ್ಯಾಶ್‌ಬೋರ್ಡಲ್ಲಿ ಬಾಣದ ಗುರುತು ಚಕ್ರದಿಂದ ಬ್ಯಾಟರಿಗೆ ಓಡುತ್ತೆ, ಸೋ ಇದು ಅರ್ಧ ಇವಿ ಅಂತ. ಆದ್ರೆ ಪ್ಲಗ್ ಇಲ್ಲದ ಹೈಬ್ರಿಡ್‌ಗೆ ಶಕ್ತಿ ಒಳಗೆ ಬರೋದು ಒಂದೇ ಬಾಗಿಲಿಂದ, ಪೆಟ್ರೋಲ್ ಟ್ಯಾಂಕಿಂದ. ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬೋದೂ ಮೊದಲು ಪೆಟ್ರೋಲ್ ಸುಟ್ಟು ಗಳಿಸಿದ ವೇಗವೇ. ಬ್ಯಾಟರಿ ಇರೋದು 1 ರಿಂದ 1.5 ಕಿಲೋವ್ಯಾಟ್ ಅವರ್ (ಕರೆಂಟ್ ಬಿಲ್ಲಲ್ಲಿ ಯೂನಿಟ್ ಅಂತಾರಲ್ಲ, ಅದೇ) ಅಷ್ಟೇ, ಸಾರ್ ತಗೊಂಡ ಇವಿದು 60. ಇಷ್ಟು ಸಣ್ಣ ಬ್ಯಾಟರೀನ ಗಾಡಿ ತಾನೇ ಮಧ್ಯದ ಒಂದು ಪಟ್ಟೀಲಿ ಇಟ್ಕೊಂಡು ನಡೆಸುತ್ತೆ, ಪೂರ್ತಿ ತುಂಬೋಕೂ ಬಿಡಲ್ಲ ಖಾಲಿ ಆಗೋಕೂ ಬಿಡಲ್ಲ, ಅದಕ್ಕೇ ಅಷ್ಟು ವರ್ಷ ಬಾಳಿಕೆ ಬರೋದು, ಓಡಿಸೋರು ಅದ್ರ ಬಗ್ಗೆ ಒಂದು ದಿನಾನೂ ಯೋಚನೆ ಮಾಡ್ಬೇಕಾಗಿಲ್ಲ. ಅಂದ್ರೆ ಒಂಬತ್ತು ವರ್ಷದಲ್ಲಿ ಸಾರ್ ಕಲಿತಿದ್ದು ಮೋಟಾರ್ ಹೇಗೆ ಎಳೆಯುತ್ತೆ ಅನ್ನೋದನ್ನ. ಬ್ಯಾಟರಿ ಹೇಗೆ ತುಂಬಬೇಕು, ಎಲ್ಲಿ ತುಂಬಬೇಕು, ಎಷ್ಟು ತುಂಬಬೇಕು ಅನ್ನೋ ಪಾಠ ಶುರುವಾಗೇ ಇರ್ಲಿಲ್ಲ. ಸೀದಾ ಪೆಟ್ರೋಲ್ ಗಾಡಿಯಿಂದ ಇವಿಗೆ ಬರೋರು ನನಗೇನೂ ಗೊತ್ತಿಲ್ಲ ಅಂತ ಬಂದು ಎಲ್ಲಾ ಕೇಳ್ತಾರೆ, ಹೈಬ್ರಿಡ್‌ನೋರು ಕೇಳೋದೇ ಇಲ್ಲ.

ಶಕ್ತಿ ಲೆಕ್ಕ ಮಾತ್ರ ಸಾರ್‌ಗೆ ಆಶ್ಚರ್ಯ ಆಗಿದ್ದು. ಒಂದು ಲೀಟರ್ ಪೆಟ್ರೋಲಲ್ಲಿ ಸುಮಾರು 9 ಕಿಲೋವ್ಯಾಟ್ ಅವರ್ ಶಕ್ತಿ ಇರುತ್ತೆ, ಲೀಟರಿಗೆ 20 ಅಂದ್ರೆ 100 ಕಿ.ಮೀ.ಗೆ 5 ಲೀಟರ್, ಅಲ್ಲಿಗೆ 45. ಅದೇ ರಸ್ತೇಲಿ ಇವಿ 15ರಲ್ಲಿ ಮುಗಿಸುತ್ತೆ. ಹೈಬ್ರಿಡ್ ಇಂಜಿನ್ನುಗಳು ಪೆಟ್ರೋಲ್ ಇಂಜಿನ್ನುಗಳಲ್ಲೇ ಬಲು ಚೆನ್ನಾಗಿರೋವು, ಒಳ್ಳೇವು 40 ಪರ್ಸೆಂಟ್ ಮುಟ್ತಾವೆ, ಆದ್ರೂ ಉಳಿದಿದ್ದೆಲ್ಲ ಬಿಸಿಯಾಗಿ ಹೋಗುತ್ತೆ. ಹಾಗಂತ ಆ ಬಿಸಿ ಪೂರ್ತಿ ದಂಡ ಅಲ್ಲ, ಚಳೀಲಿ ಹೀಟರ್ ನಡೆಸೋದು ಅದೇ, ಇವಿಲಿ ಅದಕ್ಕೂ ಬ್ಯಾಟರಿಯಿಂದ್ಲೇ ತೆಗೀಬೇಕು.

ಮೊದಲ ತೀರ್ಮಾನ, ಬ್ಯಾಟರಿ ಸೈಜು

ಶೋರೂಮಿಂದ ಬರುವಾಗ್ಲೇ ಸಾರ್ ಅತೀ ದೊಡ್ಡ ಬ್ಯಾಟರಿ ಇರೋದಕ್ಕೆ ಮನಸ್ಸು ಮಾಡಿದ್ರು, ಕಾರಣ ಆ 380 ಕಿ.ಮೀ. ನಾನು ಒಂದು ತಿಂಗಳು ಪ್ರತಿ ರಾತ್ರಿ ಓಡೋಮೀಟರ್ ಬರೆದಿಡೋಕೆ ಹೇಳ್ದೆ, ಮೇಡಂ ಬರೆದ್ರು, ನೋಡಿದ್ರೆ ಹತ್ತತ್ರ ಎಲ್ಲಾ ದಿನಾನೂ 40 ರಿಂದ 60ರೊಳಗೆ. ವರ್ಷಕ್ಕೆ ಆರೇಳು ಸಲ ಹೋಗೋ ಪ್ರಯಾಣಕ್ಕೋಸ್ಕರ ವರ್ಷ ಪೂರ್ತಿ ಭಾರದ ಬ್ಯಾಟರಿ ಹೊರಬೇಕಾ ಅನ್ನೋದು ಪ್ರಶ್ನೆ. ಮೇಡಂ ಬೇಡ ಅಂದ್ರು. ಮಧ್ಯದ ಸೈಜು, 60 ಕಿಲೋವ್ಯಾಟ್ ಅವರ್, ಎಲ್‌ಎಫ್‌ಪಿ ಅಂದ್ರೆ ಕಬ್ಬಿಣದ ಫಾಸ್ಫೇಟ್ ಇರೋ ಬಗೆ, ಲಿಕ್ವಿಡ್ ಕೂಲಿಂಗ್ ಇರೋದು. ಬ್ಯಾಟರಿ ಹಾಳಾಗೋ ಭಯ ಸಾರ್‌ಗೆ ಜಾಸ್ತಿ ಇತ್ತಲ್ಲ, ಅದಕ್ಕೆ ಈ ಕೂಲಿಂಗ್ ವಿಷಯಾನೇ ಹೇಳ್ದೆ. 2010ರಲ್ಲಿ ಬಂದ ನಿಸಾನ್ ಲೀಫ್ ಬ್ಯಾಟರಿಗೆ ಅದಿರ್ಲಿಲ್ಲ, ಬಿಸಿಲಿನ ಜಾಗಗಳಲ್ಲಿ ಬೇಗ ಕುಗ್ತು, ಇವಿ ಬ್ಯಾಟರಿ ಉಳಿಯಲ್ಲ ಅನ್ನೋ ಮಾತಿಗೆ ಆ ಕಾಲದ ಕಥೆಗಳ ಪಾಲೂ ಇದೆ. ಈಗ ಬಹಳಷ್ಟು ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡ್ತಾವೆ.

ಹೈಬ್ರಿಡ್ ಮಾರೋದು ಬೇಡ, ಆರು ತಿಂಗಳು ಎರಡೂ ಇರ್ಲಿ ಅಂತ ಸಾರ್. ಇದು ಆಗ ಬುದ್ಧಿವಂತಿಕೆ ಥರಾನೇ ಕಾಣ್ತು.

ಪಾರ್ಕಿಂಗ್ ಸಾಕೆಟ್

ಅವರಿರೋದು ಅಪಾರ್ಟ್‌ಮೆಂಟ್. ಚಾರ್ಜರ್ ಬಾಕ್ಸ್ ಹಾಕೋಕೆ ಅಸೋಸಿಯೇಷನ್ ಒಪ್ಲಿಲ್ಲ, ಲೋಡ್ ಜಾಸ್ತಿ ಆಗುತ್ತೆ, ಬೆಂಕಿ ಹತ್ತುತ್ತೆ, ಇವತ್ತು ನಿಮಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ, ಮೀಟಿಂಗಲ್ಲಿ ಆಗೋ ಮಾತು ಗೊತ್ತಲ್ಲ. ಸದ್ಯಕ್ಕೆ ಪಾರ್ಕಿಂಗಲ್ಲಿರೋ ಮಾಮೂಲಿ ಸಾಕೆಟ್ ಉಪಯೋಗಿಸಿ, ಸಬ್ ಮೀಟರ್ ಹಾಕ್ತೀವಿ ಅಂದ್ರು. ಸಾರ್‌ಗೆ ಬೇಜಾರಾಯ್ತು, ಲೆಕ್ಕ ನೋಡಿದ್ರೆ ಬೇಜಾರಿಗೆ ಕಾರಣ ಇಲ್ಲ. 230 ವೋಲ್ಟಲ್ಲಿ 10 ಆಂಪ್ ಅಂದ್ರೆ 2.3 ಕಿಲೋವ್ಯಾಟ್, ದಿನದ 60 ಕಿ.ಮೀ.ಗೆ ಬೇಕಾಗಿರೋದು 9 ಕಿಲೋವ್ಯಾಟ್ ಅವರ್, ನಷ್ಟ ಸೇರಿಸಿದ್ರೂ ಐದು ಗಂಟೆ ಒಳಗೆ ಮುಗಿಯುತ್ತೆ, ಗಾಡಿ ರಾತ್ರಿ ಸುಮ್ನೆ ನಿಂತಿರೋದೇ ಹತ್ತು ಗಂಟೆ.

ತೊಂದರೆ ಶುರುವಾಗಿದ್ದು ಬೇರೆ ಕಡೆ. ಗಾಡಿ ಜೊತೆ ಬಂದ ಚಾರ್ಜಿಂಗ್ ಕೇಬಲ್ಲಿನ ಮಧ್ಯ ಒಂದು ಡಬ್ಬಿ ಇರುತ್ತೆ, ಪ್ಲಗ್ ಹಾಕಿದ ತಕ್ಷಣ ಅದು ಅರ್ತಿಂಗ್ ಇದೆಯಾ ಅಂತ ನೋಡುತ್ತೆ, ಇಲ್ಲಾಂದ್ರೆ ಕೆಂಪು ಲೈಟ್, ಚಾರ್ಜ್ ಆಗಲ್ಲ. ಕೆಂಪು ಲೈಟೇ ಬಂತು. ಅಪಾರ್ಟ್‌ಮೆಂಟಿಗೆ ಬರೋ ಎಲೆಕ್ಟ್ರಿಷಿಯನ್ ಟೆಸ್ಟರ್ ಇಟ್ಟು ನೋಡಿ ಕರೆಂಟ್ ಬರ್ತಿದೆ ಸಾರ್, ನಿಮ್ಮ ಗಾಡೀದೇ ಏನೋ ಪ್ರಾಬ್ಲಮ್ ಅಂದ, ಆಮೇಲೆ ಹತ್ತು ನಿಮಿಷ ಸಾಕೆಟ್ ಬಿಚ್ಚಿ ಏನೋ ಮಾಡಿದ, ಹಸಿರು ಲೈಟ್ ಬಂತು, ಎಲ್ಲರಿಗೂ ಖುಷಿ.

ಕೆಲವು ದಿನ ಆದ್ಮೇಲೆ ಮೇಡಂ ಫೋನ್ ಮಾಡಿದ್ರು, ಬೆಳಿಗ್ಗೆ ಪ್ಲಗ್ ತೆಗೆಯುವಾಗ ಕೈ ಸುಡುತ್ತೆ ಅಂತ. ಹೋಗಿ ನೋಡ್ದೆ. ಪ್ಲಗ್ಗಿನ ಒಂದು ಪಿನ್ನು ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು, ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ಒಂದು ತೂತಿನ ಸುತ್ತ ಹಳದಿಯಾಗಿ ಸ್ವಲ್ಪ ಉಬ್ಬಿತ್ತು, ಮೂಗಿಗೆ ಹತ್ರ ಹಿಡಿದ್ರೆ ಸುಟ್ಟ ವಾಸನೆ. ಮೈನ್ ಆಫ್ ಮಾಡಿ ಬಿಚ್ಚಿದ್ರೆ ಒಳಗೆ ನ್ಯೂಟ್ರಲ್ಲಿಂದ ಅರ್ತ್ ಟರ್ಮಿನಲ್ಲಿಗೆ ಒಂದು ಗೇಣುದ್ದ ವೈರ್ ಲೂಪ್ ಹಾಕಿತ್ತು. ಅರ್ತ್ ವೈರು ಆ ಸಾಕೆಟ್ಟಿನ ತನಕ ಬಂದೇ ಇರ್ಲಿಲ್ಲ. ಡಬ್ಬೀನ ಏಮಾರಿಸೋಕೆ ಮಾಡಿದ ಕೆಲಸ ಅದು. ಹಿಂದೆ ಎಲ್ಲಾದ್ರೂ ನ್ಯೂಟ್ರಲ್ ಕಡಿದುಹೋದ್ರೆ ಆ ಲೂಪಿನ ಮೂಲಕ ಗಾಡಿ ಬಾಡಿಗೇ ಕರೆಂಟ್ ಬರುತ್ತೆ, ಮಳೇಲಿ ಒದ್ದೆ ನೆಲದ ಮೇಲೆ ನಿಂತು ಡೋರ್ ಹಿಡಿದೋರ ಗತಿ ಯೋಚನೆ ಮಾಡಿ. ಬಿಸಿ ಆಗಿದ್ದು ಬೇರೆ ಕಾರಣಕ್ಕೆ, ಒಂದು ಸ್ಕ್ರೂ ಸಡಿಲ, ಸಾಕೆಟ್ಟಿನ ಒಳಗಿನ ಹಿಡಿತಾನೂ ಸವೆದಿತ್ತು. ಇಸ್ತ್ರಿ ಪೆಟ್ಟಿಗೆ, ಗೀಸರ್ ಎಲ್ಲಾ ಬಿಸಿಯಾಗಿ ಆಫ್ ಆಗ್ತಾ ಇರ್ತವೆ, ಗಾಡಿ ಹಾಗಲ್ಲ, ಗಂಟೆಗಟ್ಟಲೆ ಒಂದೇ ಸಮ 10 ಆಂಪ್ ಎಳೀತಾನೇ ಇರುತ್ತೆ, ಸಣ್ಣ ಸಡಿಲಾನೂ ಅಲ್ಲಿ ಬಯಲಾಗುತ್ತೆ.

ಈ ಪ್ರಕರಣದ ಮೊದಲ ತಿರುವು ಇದೇ. ಆ ಸಾಕೆಟ್ಟಿನ ಫೋಟೋ ತಗೊಂಡು ಮೇಡಂ ಅಸೋಸಿಯೇಷನ್ ಮೀಟಿಂಗಿಗೆ ಹೋದ್ರು. ಚಾರ್ಜರ್ ಬಾಕ್ಸಿಂದ ಬೆಂಕಿ ಬರುತ್ತೆ ಅಂತಿದ್ದೋರಿಗೆ ನೀವೇ ಕೊಟ್ಟ ಸಾಕೆಟ್ ನೋಡಿ ಅಂತ ತೋರಿಸಿದ್ರು. ಅಲ್ಲಿಗೆ ಮಾತು ಮುಗೀತು, ಮೀಟರ್ ಬೋರ್ಡಿಂದ ನೇರ ಬೇರೆ ಲೈನು, 6 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಅದಕ್ಕೇ ಅಂತ ಬ್ರೇಕರು, ಲೀಕೇಜ್ ಆದ್ರೆ ಟ್ರಿಪ್ ಆಗೋದು, ಸರಿಯಾದ ಅರ್ತ್, 32 ಆಂಪ್ ಬಾಕ್ಸ್. ರಾತ್ರಿ ಹನ್ನೊಂದರ ಮೇಲೆ ಮಾತ್ರ ಚಾರ್ಜ್ ಮಾಡಬೇಕು ಅಂತ ಷರತ್ತು, ಟೈಮರ್ ಇರೋದ್ರಿಂದ ಅದು ಕಷ್ಟ ಅಲ್ಲ.

ಒಂದು ಸಣ್ಣ ಜಗಳ ಆಮೇಲೂ ಆಯ್ತು, ಅಸೋಸಿಯೇಷನ್ ಖಜಾಂಚಿ ಸಬ್ ಮೀಟರ್ ಲೆಕ್ಕ ಕೊಟ್ರು, ಸಾರ್ ಗಾಡಿ ಆ್ಯಪ್ ತೋರ್ಸಿ ನನ್ನ ಗಾಡಿ ಇಷ್ಟು ತಗೊಂಡೇ ಇಲ್ಲ ಅಂದ್ರು. ಇಬ್ಬರೂ ಸರಿ. ಗೋಡೆಯಿಂದ ಹೊರಟಿದ್ದೆಲ್ಲ ಬ್ಯಾಟರಿಗೆ ಸೇರಲ್ಲ, ಗೋಡೆಯಿಂದ ಬರೋ ಏಸಿ ಕರೆಂಟನ್ನ ಬ್ಯಾಟರಿಗೆ ಬೇಕಾದ ಡಿಸಿ ಕರೆಂಟ್ ಮಾಡೋದ್ರಲ್ಲಿ, ಚಾರ್ಜ್ ಆಗೋವಾಗ ಗಾಡಿಯ ಕಂಪ್ಯೂಟರು ಪಂಪು ಎಲ್ಲಾ ಎಚ್ಚರ ಇರೋದ್ರಲ್ಲಿ ಹತ್ತರಿಂದ ಹದಿನೈದು ಪರ್ಸೆಂಟ್ ಹೋಗುತ್ತೆ, ಕರೆಂಟು ನಿಧಾನ ಆದಷ್ಟೂ ಎಚ್ಚರ ಇರೋ ಗಂಟೆ ಜಾಸ್ತಿ, ನಷ್ಟಾನೂ ಜಾಸ್ತಿ. ಬಿಲ್ಲು ಮೀಟರಿಂದು, ಆ್ಯಪಿಂದಲ್ಲ.

ಇಳಿಜಾರು

ಅಪಾರ್ಟ್‌ಮೆಂಟ್ ಇರೋದು ಏರಿನ ತುದೀಲಿ. ಹೊಸ ಬಾಕ್ಸ್ ಹಾಕಿದ ಖುಷೀಲಿ ಸಾರ್ ದಿನಾ 100 ಪರ್ಸೆಂಟಿಗೆ ತುಂಬ್ಸಿ ಬೆಳಿಗ್ಗೆ ಇಳಿಯೋರು. ಒಂದು ದಿನ ಗಾಬರಿಯಾಗಿ ಫೋನು, ಕಾಲು ತೆಗೆದ್ರೂ ಗಾಡಿ ನಿಧಾನ ಆಗ್ತಿಲ್ಲ, ರೀಜೆನ್ (ಕಾಲು ತೆಗೆದಾಗ ಮೋಟಾರೇ ಗಾಡೀನ ನಿಧಾನ ಮಾಡಿ ಬ್ಯಾಟರಿಗೆ ಕರೆಂಟ್ ವಾಪಸ್ ಹಾಕೋದು) ಕೆಟ್ಟಿದೆ ಅಂತ. ಕೆಟ್ಟಿರ್ಲಿಲ್ಲ, ತುಂಬಿದ ಬ್ಯಾಟರಿಗೆ ವಾಪಸ್ ಹಾಕೋಕೆ ಜಾಗ ಇರ್ಲಿಲ್ಲ ಅಷ್ಟೇ. ಹೈಬ್ರಿಡ್‌ಲೂ ಇದೇ ಆಗ್ತಿತ್ತು, ಉದ್ದ ಇಳಿಜಾರಲ್ಲಿ ಆ ಸಣ್ಣ ಬ್ಯಾಟರಿ ಬೇಗ ತುಂಬಿ ಇಂಜಿನ್ ಒಂದೇ ಸಮ ಗುಂಯ್ ಅಂತ ತಿರುಗೋಕೆ ಶುರು ಮಾಡ್ತಿತ್ತಲ್ಲ, ಅದು ಇಂಜಿನ್ನೇ ಬ್ರೇಕಾಗಿ ಕೆಲಸ ಮಾಡ್ತಿದ್ದಿದ್ದು. ಇವಿಲಿ ಆ ಇಂಜಿನ್ ಇಲ್ಲ, ಕಾಲು ಬ್ರೇಕ್ ಮೇಲೆ ಹೋಗ್ಬೇಕು. ಸಾರ್ ಆ ಸದ್ದನ್ನ ಒಂಬತ್ತು ವರ್ಷ ಕೇಳಿದ್ರು, ಯಾಕೆ ಬರುತ್ತೆ ಅಂತ ಕೇಳಿರ್ಲಿಲ್ಲ.

80ಕ್ಕೆ ನಿಲ್ಲಿಸಿ ಅಂದೆ. ಅದಕ್ಕೆ ಸಾರ್ ಮ್ಯಾನ್ಯುಯಲ್ ತಂದು ತೋರಿಸಿದ್ರು, ವಾರಕ್ಕೊಮ್ಮೆ 100 ಮಾಡಿ ಅಂತ ಇದೆಯಲ್ಲ ಅಂತ. ಅದೂ ನಿಜ. ಎಲ್‌ಎಫ್‌ಪಿ ಬ್ಯಾಟರೀಲಿ ಮಧ್ಯದಲ್ಲಿ ವೋಲ್ಟೇಜು ಹೆಚ್ಚು ಏರದೆ ಇಳಿಯದೆ ಹಾಗೇ ಇರುತ್ತೆ, ಎಷ್ಟು ಉಳಿದಿದೆ ಅಂತ ಗಾಡಿಗೇ ಸರಿಯಾಗಿ ಗೊತ್ತಾಗಲ್ಲ, ಆಗಾಗ ಪೂರ್ತಿ ತುಂಬಿದ್ರೆ ಲೆಕ್ಕ ಸರಿ ಮಾಡ್ಕೊಳುತ್ತೆ. ದಿನಾ 80, ವಾರದ ರಜೆ ಹಿಂದಿನ ರಾತ್ರಿ 100, ಆ ಬೆಳಿಗ್ಗೆ ಇಳಿಯುವಾಗ ಬ್ರೇಕ್ ಮೇಲೆ ಕಾಲು. ಇದರಿಂದ ಇನ್ನೊಂದು ಲಾಭ, ರೀಜೆನ್‌ನಿಂದ ಉಪಯೋಗ ಇಲ್ಲದೆ ತುಕ್ಕು ಹಿಡಿಯೋ ಡಿಸ್ಕುಗಳು ವಾರಕ್ಕೊಮ್ಮೆ ಉಜ್ಜಿ ಹೊಳೆಯುತ್ತವೆ.

ಮೊದಲ ದೂರದ ಪ್ರಯಾಣ

ಇಲ್ಲಿ ಎಲ್ಲಾ ಒಟ್ಟಿಗೆ ತಪ್ಪಾಯ್ತು, ಹಾಗಾಗಿ ನಿಧಾನಕ್ಕೆ ಹೇಳ್ತೀನಿ.

ಕಂಪನಿ ಹೇಳಿದ ರೇಂಜು 420, ಹೋಗ್ಬೇಕಾಗಿದ್ದು 380, ಸಾರ್ ಲೆಕ್ಕದಲ್ಲಿ ಎಲ್ಲೂ ನಿಲ್ಲೋ ಅಗತ್ಯಾನೇ ಇಲ್ಲ. ಆದ್ರೆ ಆ 420 ಬರೋದು ಡಬ್ಲ್ಯುಎಲ್‌ಟಿಪಿ ಅನ್ನೋ ಪರೀಕ್ಷೆಯಿಂದ, ಅದ್ರಲ್ಲಿ ಊರೊಳಗಿನ ಓಡಾಟಾನೂ ಸೇರಿ ಸರಾಸರಿ ವೇಗ ಗಂಟೆಗೆ 46 ಕಿ.ಮೀ. ಚಿಲ್ಲರೆ. ಸಾರ್ ಹೆದ್ದಾರೀಲಿ 110ರಲ್ಲಿ ಹೋದ್ರು, ಮಳೆ, ಎದುರುಗಾಳಿ. ಗಾಳಿ ತಡೆಯೋ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, 90ರ ಬದಲು 110 ಅಂದ್ರೆ ಅದೊಂದೇ ಹತ್ತತ್ರ ಒಂದೂವರೆ ಪಟ್ಟು. ಊರೊಳಗೆ 100 ಕಿ.ಮೀ.ಗೆ 15 ಕಿಲೋವ್ಯಾಟ್ ಅವರ್ ತಿಂತಿದ್ದ ಗಾಡಿ 21 ತಿನ್ನೋಕೆ ಶುರು ಮಾಡ್ತು. 220 ಕಿ.ಮೀ. ಆಗೋಷ್ಟ್ರಲ್ಲಿ ಬ್ಯಾಟರೀಲಿ ಉಳಿದಿದ್ದು 23 ಪರ್ಸೆಂಟ್.

ಹೈಬ್ರಿಡ್ ಇದ್ದಾಗ ಸಾರ್ ಅಭ್ಯಾಸ ಏನು ಅಂದ್ರೆ ಟ್ಯಾಂಕಿನ ಲೈಟ್ ಬಂದ್ಮೇಲೆ ಬಂಕ್ ಹುಡುಕೋದು, ಹೋದ್ರೆ ಫುಲ್ ಟ್ಯಾಂಕು. ಇಲ್ಲೂ ಅದೇ ಮಾಡಿದ್ರು. ಚಾರ್ಜಿಂಗ್ ಜಾಗದಲ್ಲಿ ಎರಡು ಗನ್ (ಗಾಡಿಗೆ ಸಿಕ್ಕಿಸೋ ಚಾರ್ಜರ್ ಕೇಬಲ್ಲಿನ ತುದಿ), ಒಂದರ ಸ್ಕ್ರೀನು ಕಪ್ಪು, ಇನ್ನೊಂದರಲ್ಲಿ ಬೇರೆ ಗಾಡಿ. ಕಾದ್ರು. ಸರದಿ ಬಂದ್ಮೇಲೆ ಚಾರ್ಜ್ ಚೆನ್ನಾಗೇ ಏರ್ತಿತ್ತು, 70 ದಾಟ್ತು, ಮೇಡಂ ಅಂದ್ರು, "ರೀ, ಸಾಕಲ್ವಾ, ಇನ್ನು 160 ತಾನೇ ಇರೋದು?" ಸಾರ್, "ಬಂದಿದೀವಿ, ತುಂಬ್ಸಿಕೊಂಡೇ ಹೋಗೋಣ." 80 ಆದ್ಮೇಲೆ ಡಿಸಿ ಚಾರ್ಜಿಂಗ್, ಅಂದ್ರೆ ಬ್ಯಾಟರಿಗೆ ನೇರ ಕರೆಂಟ್ ಕೊಡೋ ಫಾಸ್ಟ್ ಚಾರ್ಜಿಂಗ್, ತೆವಳುತ್ತೆ, ಸೆಲ್ಲುಗಳನ್ನ ಕಾಪಾಡೋಕೆ ಗಾಡೀನೇ ಕರೆಂಟ್ ಕಮ್ಮಿ ಮಾಡ್ತಾ ಹೋಗುತ್ತೆ. ಮೊದಲ ಐವತ್ತೇಳು ಪರ್ಸೆಂಟಿಗೆ ಹಿಡಿದಷ್ಟೇ ಹೊತ್ತು ಕೊನೇ ಇಪ್ಪತ್ತಕ್ಕೂ ಹಿಡೀತು, ಹಿಂದೆ ಇನ್ನೊಬ್ಬರು ಕಾಯ್ತಾ ಲೈಟ್ ಹಾಕ್ತಾ ಇದ್ರು. ತಾಯಿ ಮನೆ ಮುಟ್ಟಿದಾಗ ಇನ್ನೂ 44 ಉಳಿದಿತ್ತು. ಕಾದು ತುಂಬ್ಸಿದ ಕೊನೇ ಇಪ್ಪತ್ತೂ ಮುಟ್ಟದೇ ಹಾಗೇ ಇತ್ತು.

ನನಗೆ ಇವತ್ತಿಗೂ ನಗು ಬರೋದು ಮುಂದಿನದಕ್ಕೆ. ಎರಡು ರಾತ್ರಿ ಗಾಡಿ ಆ ಮನೆ ಹಿತ್ತಲಲ್ಲಿ ನಿಂತಿತ್ತು, ನೀರಿನ ಪಂಪಿನ ಸಾಕೆಟ್ಟಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಕೇಬಲ್ ಡಿಕ್ಕೀಲೇ ಇತ್ತು. ಯಾರಿಗೂ ಹೊಳೀಲಿಲ್ಲ. ಒಂಬತ್ತು ವರ್ಷ ಗಾಡಿ ನಿಲ್ಸೋದು ಅಂದ್ರೆ ನಿಲ್ಸೋದು ಅಷ್ಟೇ, ನಿಂತಿರೋ ಹೊತ್ತಲ್ಲಿ ತುಂಬಬಹುದು ಅನ್ನೋ ಯೋಚನೇನೇ ಹೈಬ್ರಿಡ್ ಕಲಿಸಿರಲ್ಲ.

ವಾಪಸ್ ಬರುವಾಗ 44ರಲ್ಲಿ ಹೊರಟ್ರು, ಅದೇ ಹೆದ್ದಾರಿ ಚಾರ್ಜರ್ ತನಕ ಬರೋಕೆ ಅದು ಸಾಲ್ತಿರ್ಲಿಲ್ಲ, ಮಧ್ಯ ಒಂದು ಹೋಟೆಲ್ ಮುಂದೆ 22 ಕಿಲೋವ್ಯಾಟ್ ಅಂತ ಬೋರ್ಡ್ ನೋಡಿ ನಿಲ್ಸಿದ್ರು. ಅದು ಏಸಿ ಚಾರ್ಜರ್. ಏಸಿಲಿ ಎಷ್ಟು ತಗೊಳ್ಳೋದು ಅನ್ನೋದನ್ನ ತೀರ್ಮಾನ ಮಾಡೋದು ಗಾಡಿ ಒಳಗಿರೋ ಚಾರ್ಜರು, ಬೋರ್ಡಲ್ಲ, ಸಾರ್ ಗಾಡೀದು 7ರ ಮೇಲೆ ತಗೊಳ್ಳಲ್ಲ. ಮೂರು ಗಂಟೆ ಕೂತ್ರು. ಕತ್ತಲಾದ್ಮೇಲೆ ಮನೆ ಸೇರಿ ಮೇಡಂ ಒಂದೇ ಮಾತು, "ಮುಂದಿನ ಸಲ ಹಳೇ ಗಾಡೀಲೇ ಹೋಗೋಣ ರೀ." ಹೋದ್ರು ಕೂಡ.

ಎರಡನೇ ತಿರುವು

ಹಳೇ ಗಾಡೀಲಿ ಹೋಗೋ ಬೆಳಿಗ್ಗೆ ಅದು ಆನ್ ಆಗ್ಲಿಲ್ಲ. ಎಲ್ಲರೂ ಭಯ ಪಡ್ತಿದ್ದ ಹೈಬ್ರಿಡ್ ಬ್ಯಾಟರಿ ಸರಿಯಾಗೇ ಇತ್ತು, ನಿಂತು ನಿಂತು ಸತ್ತಿದ್ದು ಸಣ್ಣ 12 ವೋಲ್ಟ್ ಬ್ಯಾಟರಿ. ಗಾಡಿಯ ಕಂಪ್ಯೂಟರ್ ಏಳೋದೇ ಅದರಿಂದ, ಅದಿಲ್ದೆ ದೊಡ್ಡ ಬ್ಯಾಟರೀನ ಗಾಡಿಗೆ ಸೇರಿಸೋ ರಿಲೇ ಅನ್ನೋ ಸ್ವಿಚ್ಚು ಹಾಕ್ಕೊಳ್ಳಲ್ಲ. ನಾನು ಹೋಗಿ ಜಂಪ್ ಕೊಟ್ಟು ಕಳ್ಸಿದೆ. ಆಗ ಇವಿಲೂ ಇಂಥದ್ದೇ ಒಂದು 12 ವೋಲ್ಟ್ ಬ್ಯಾಟರಿ ಇದೆ ಅಂತ ಹೇಳಿದ್ದಕ್ಕೆ ಸಾರ್ ನಂಬೋಕೇ ತಯಾರಿರ್ಲಿಲ್ಲ, ಅಷ್ಟು ದೊಡ್ಡ ಬ್ಯಾಟರಿ ಇಟ್ಕೊಂಡು ಇದ್ಯಾಕೆ ಅಂತ. ಇದೆ, ಸತ್ರೆ ಅದೂ ಏಳಲ್ಲ.

ಆ ಪ್ರಯಾಣ ಸಲೀಸಾಗಿ ಆಯ್ತು, ಆದ್ರೆ ವಾಪಸ್ ಬಂದ್ಮೇಲೆ ಮೇಡಂ ಹೇಳಿದ್ದು ಬೇರೆ. ಗೇರ್ ಹಾಕಿದಾಗ ಬರೋ ಸದ್ದು, ಏರಲ್ಲಿ ಇಂಜಿನ್ ಅರಚೋದು, ಇವೆಲ್ಲ ಈಗ ಕೇಳೋಕಾಗ್ತಿಲ್ಲ, ಇವೀಲೇ ಹೋಗೋಣ, ಆದ್ರೆ ಪ್ಲಾನ್ ನಾನು ಮಾಡ್ತೀನಿ, ನೀವು ಓಡಿಸಿ ಅಷ್ಟೇ. ನನ್ನ ಹತ್ರ ಒಂದು ಗಂಟೆ ಕೂತು ಕೇಳ್ಕೊಂಡ್ರು.

ಅವರ ಪ್ಲಾನಲ್ಲಿ ದೊಡ್ಡ ವಿಷಯ ಏನೂ ಇರ್ಲಿಲ್ಲ. 95ರ ಆಸುಪಾಸು ವೇಗ. 220ರ ಹತ್ರ ಅದೇ ಚಾರ್ಜರು, ಅದು ಕೆಟ್ಟಿದ್ರೆ 30 ಕಿ.ಮೀ. ಮುಂದೆ ಇನ್ನೊಂದು, ಅದನ್ನ ಮೊದ್ಲೇ ಮ್ಯಾಪಲ್ಲಿ ಗುರುತು ಹಾಕಿದ್ರು. ಚಾರ್ಜರ್ ಜಾಗಾನ ಗಾಡಿಯ ನ್ಯಾವಿಗೇಶನ್‌ಗೇ ಹಾಕಿದ್ರು, ಆಗ ಹೋಗ್ತಾ ಹೋಗ್ತಾ ಗಾಡಿ ಬ್ಯಾಟರೀನ ಹದ ಬಿಸಿಗೆ ತಂದಿರುತ್ತೆ, ತಣ್ಣಗಿರೋ ಎಲ್‌ಎಫ್‌ಪಿ ಬ್ಯಾಟರಿ ಕರೆಂಟ್ ತಗೊಳ್ಳೋಕೆ ತುಂಬ ಜಿಪುಣ. 70 ಆದ ತಕ್ಷಣ ಗನ್ ತೆಗೆಯೋದು. ಮತ್ತೆ ತಾಯಿ ಮನೇಲಿ ಪಂಪಿನ ಸಾಕೆಟ್ ಪರೀಕ್ಷೆ ಮಾಡಿಸಿ ಹೊಸದು ಹಾಕಿಸಿದ್ರು, ಅರ್ತ್ ಇದೆಯಾ ಅಂತ ಫೋನಲ್ಲೇ ಮೂರು ಸಲ ಕೇಳಿ.

ಆ ಸಲ ಮಳೆ ಇರ್ಲಿಲ್ಲ, ಅದನ್ನೂ ಸೇರಿಸಬೇಕು. 17ರ ಲೆಕ್ಕದಲ್ಲಿ ಹೋಗಿ ಚಾರ್ಜರ್ ಮುಟ್ಟಿದಾಗ 38 ಉಳಿದಿತ್ತು. ಕಾಫಿ ಮುಗಿಯೋಷ್ಟ್ರಲ್ಲಿ 70. ತಾಯಿ ಮನೇಲಿ ಇಳಿದಾಗ 25, ಎರಡು ರಾತ್ರಿ 10 ಆಂಪಲ್ಲೇ ಸುಮ್ನೆ ಹಾಕಿಟ್ಟಿದ್ದಕ್ಕೆ ಹೊರಡುವಾಗ ಹತ್ತತ್ರ ಫುಲ್ಲು. ಹೈಬ್ರಿಡ್‌ಗಿಂತ ಒಂದು ಗಂಟೆ ಹತ್ರ ಜಾಸ್ತಿ ಹಿಡೀತು, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ.

ಇಲ್ಲಿ ಒಂದು ಮಾತು. ನಿಧಾನಕ್ಕೆ ಹೋದ್ರೆ ಒಟ್ಟು ಟೈಮ್ ಉಳಿಯುತ್ತೆ ಅಂತ ಇವಿನೋರು ತುಂಬ ಹೇಳ್ತಾರೆ, ಲೆಕ್ಕ ಹಾಕಿ ನೋಡಿದ್ರೆ ಇಲ್ಲಿ ಅದು ನಿಲ್ಲಲ್ಲ. 380 ಕಿ.ಮೀ.ಗೆ 110ರ ಬದಲು 95ರಲ್ಲಿ ಹೋದ್ರೆ ರಸ್ತೇಲಿ ಅರ್ಧ ಗಂಟೆ ಜಾಸ್ತಿ, ಉಳಿಯೋದು ಸುಮಾರು 15 ಕಿಲೋವ್ಯಾಟ್ ಅವರ್, 50 ಕಿಲೋವ್ಯಾಟ್ ಚಾರ್ಜರಲ್ಲಿ ಅದು ಇಪ್ಪತ್ತು ನಿಮಿಷದ ಕೆಲಸ. ಚಾರ್ಜರು ಚೆನ್ನಾಗಿದ್ರೆ ಜೋರಾಗಿ ಹೋದೋರೇ ಮೊದ್ಲು ಮುಟ್ಟಬಹುದು. ಮೇಡಂ ವೇಗ ಕಮ್ಮಿ ಮಾಡ್ಸಿದ್ದಕ್ಕೆ ಬೇರೆ ಕಾರಣ ಇತ್ತು: 23ರಲ್ಲಿ ಬಂದು ನಿಂತೋರಿಗೆ ಆ ಚಾರ್ಜರೇ ಗತಿ, ಗನ್ ಕೆಟ್ಟಿರ್ಲಿ ಕ್ಯೂ ಇರ್ಲಿ ಅಲ್ಲೇ ಕಾಯ್ಬೇಕು, 38 ಇದ್ರೆ ಮುಂದಿನದಕ್ಕೆ ಧೈರ್ಯವಾಗಿ ಹೋಗಬಹುದು.

ನಾನು ಈ ಪ್ರಕರಣದಿಂದ ಎತ್ತಿಕೊಂಡಿದ್ದು

ಹೈಬ್ರಿಡ್‌ನೋರು ಈಗ ನನ್ನ ಹತ್ರ ಬಂದ್ರೆ ರೇಂಜ್ ಮಾತು ಆಮೇಲೆ, ಮೊದ್ಲು ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ ಅಂತ ಕೇಳ್ತೀನಿ, ಆ ಜಾಗದ ಸಾಕೆಟ್ ಬಿಚ್ಚಿ ನೋಡ್ದೆ ಗಾಡಿ ಬುಕ್ ಮಾಡಬೇಡಿ ಅಂತೀನಿ. ಗಾಡಿ ರಾತ್ರಿ ನಿಲ್ಲೋ ಬೇರೆ ಮನೆಗಳು ಯಾವುವು ಅಂತಾನೂ ಕೇಳ್ತೀನಿ. ಎರಡು ಗಾಡಿ ಇಟ್ಕೊಳ್ಳೋದು ಒಳ್ಳೇ ಜಾಗ್ರತೆ ಅಂತ ಮೊದ್ಲು ನಾನೂ ಒಪ್ಪಿದ್ದೆ, ಈ ಮನೇಲಿ ಅದು ಕಲಿಯೋದನ್ನ ತಡ ಮಾಡ್ತು, ಕಷ್ಟ ಬಂದಾಗೆಲ್ಲ ಹಳೇದಕ್ಕೆ ಓಡೋಕೆ ದಾರಿ ಇತ್ತಲ್ಲ. ಮತ್ತೆ ಮನೇಲಿ ಯಾರು ಪ್ಲಾನ್ ಮಾಡ್ತಾರೋ ಅವರ ಜೊತೆ ಮಾತಾಡ್ಬೇಕು, ಸ್ಟೀರಿಂಗ್ ಹಿಡಿಯೋರ ಜೊತೆ ಅಷ್ಟೇ ಅಲ್ಲ. ಸಾರ್ ಇದನ್ನ ಓದ್ತಾರೆ, ಅವರಿಗೆ ಬೇಜಾರಿಲ್ಲ ಅಂತ ಹೇಳಿದಾರೆ.

ಹೈಬ್ರಿಡ್ ಕೊನೆಗೂ ಮಾರಿದ್ರು. ತಗೊಂಡೋರಿಗೆ ಸ್ವಂತ ಪಾರ್ಕಿಂಗ್ ಇಲ್ಲ, ರಸ್ತೆ ಪಕ್ಕ ನಿಲ್ಲಿಸ್ತಾರೆ, ಹತ್ರದಲ್ಲಿ ನಂಬೋ ಹಾಗಿರೋ ಚಾರ್ಜರೂ ಇಲ್ಲ, ಕೆಲಸದ ಮೇಲೆ ಯಾವತ್ತು ಎಲ್ಲಿಗೆ ಹೋಗ್ಬೇಕು ಅಂತ ಹಿಂದಿನ ದಿನ ಗೊತ್ತಿರಲ್ಲ. ಅವರೂ ಮೊದ್ಲು ಇವಿನೇ ಕೇಳ್ಕೊಂಡು ಬಂದಿದ್ರು, ನಾನು ಬೇಡ ಅಂದೆ, ಈ ಗಾಡೀನೇ ತಗೊಳ್ಳಿ ಅಂದೆ, 12 ವೋಲ್ಟ್ ಬ್ಯಾಟರಿ ಹೊಸದು ಹಾಕಿದೆ, ಹಿಂದಿನ ಸೀಟಿನ ಪಕ್ಕದ ಜಾಲರಿ ಮೇಲೆ ಮಾತ್ರ ಬ್ಯಾಗ್ ಇಡ್ಬೇಡಿ ಅಂತ ಹೇಳಿ ಕಳಿಸಿದೀನಿ. ಅಪಾರ್ಟ್‌ಮೆಂಟಲ್ಲಿ ಈಗ ಇನ್ನೂ ಕೆಲವರು ಚಾರ್ಜರಿಗೆ ಅರ್ಜಿ ಹಾಕಿದಾರೆ, ಎಲ್ಲರದ್ದೂ ಒಟ್ಟಿಗೆ ಎಳೀದ ಹಾಗೆ ಲೋಡ್ ಹಂಚೋ ವ್ಯವಸ್ಥೆ ಹಾಕ್ಬೇಕು ಅಂತ ಮಾತುಕತೆ ನಡೀತಿದೆ, ಅದರ ಸಮಿತೀಲಿ ಮೇಡಂ ಇದಾರೆ.